ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ ಟ್ಯೂನರ್‌ಗೆ ಧನ್ಯವಾದ

ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ ನಮ್ಮ ಟರ್ಬೊ ಪೆಟ್ರೋಲ್ ಕಾರನ್ನು ಟ್ಯೂನ್ ಮಾಡಿಕೊಟ್ಟು, ಹೆಸರು ಹಾಕಬೇಡಿ ಎಂದವರಿಗೆ ಮನಸಾರೆ ಧನ್ಯವಾದ.

ಲ್ಯಾಪ್‌ಟಾಪ್ ಜೋಡಿಸುವ ಮುನ್ನವೇ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಶನ್ (ಒಳಗೆ ಗಾಳಿ ಅದುಮಿದಾಗ ಏಳುವ ಒತ್ತಡ) ಅಳೆದಿರಿ, ವ್ಯತ್ಯಾಸ ಶೇ. 10ರೊಳಗೆ ಇದೆ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಕೆಲಸ. ಐಡಲ್‌ನಲ್ಲಿ ಫ್ಯುಯೆಲ್ ಟ್ರಿಮ್ ಶೇ. +12 ತೋರಿಸಿತು, ಅಂದರೆ ಕಂಪ್ಯೂಟರ್ ತಾನಾಗಿ ಅಷ್ಟು ಹೆಚ್ಚು ಇಂಧನ ಸೇರಿಸುತ್ತಿತ್ತು. ಅದನ್ನು ಮ್ಯಾಪ್‌ನಲ್ಲಿ (ಇಂಧನ, ಕಿಡಿಯ ಲೆಕ್ಕದ ಪಟ್ಟಿ) ಮುಚ್ಚಿಹಾಕದೆ, ಹೊಗೆ ಹಾಯಿಸಿ ಗಾಳಿ ಒಳಹೋಗುವ ಇನ್‌ಟೇಕ್ ಪೈಪಿನ ಸೀಳು ಹುಡುಕಿದಿರಿ. ಸೋರಿಕೆ ಇಟ್ಟುಕೊಂಡೇ ಟ್ಯೂನ್ ಮಾಡಿದ್ದರೆ, ಮುಂದೆ ಪೈಪ್ ಬದಲಿಸಿದ ದಿನ ಮಿಶ್ರಣದ ಲೆಕ್ಕವೆಲ್ಲ ತಪ್ಪುತ್ತಿತ್ತು.

ಇಸಿಯುನ (ಎಂಜಿನ್ ಕಂಪ್ಯೂಟರ್) ಮೂಲ ಫೈಲ್ ಓದಿ, ನಮಗೂ ಒಂದು ಪ್ರತಿ ಕೊಟ್ಟಿರಿ. ಕೇಳದೆಯೇ ಇದನ್ನು ಕೊಡುವವರು ಕಡಿಮೆ.

ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಇಗ್ನಿಷನ್ ಟೈಮಿಂಗನ್ನು (ಕಿಡಿ ಹಾರುವ ಕ್ಷಣ) ಒಂದೊಂದೇ ಡಿಗ್ರಿ ಏರಿಸಿ, ಟಾರ್ಕ್ (ತಿರುಗುಬಲ) ಹೆಚ್ಚುವುದು ನಿಂತಲ್ಲಿಗೆ ನಿಲ್ಲಿಸಿದಿರಿ. ನಾಕ್ (ಇಂಧನ ಅಡ್ಡಾದಿಡ್ಡಿ ಸಿಡಿಯುವ ಬಡಿತ) ಕಂಡ ಕಡೆ 2 ಡಿಗ್ರಿ ಹಿಂದಕ್ಕೆ. ಪೂರ್ತಿ ಥ್ರಾಟಲ್‌ನಲ್ಲಿ ಗಾಳಿ-ಇಂಧನ ಅನುಪಾತ 12:1ರ ಆಸುಪಾಸಿನಲ್ಲೇ ಇಟ್ಟಿರಿ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದ್ದಕ್ಕೆ ಪ್ಲಗ್ ಗ್ಯಾಪನ್ನು 0.7 ಮಿ.ಮೀ.ಗೆ ಇಳಿಸಿದಿರಿ, ಇಲ್ಲದಿದ್ದರೆ ಆ ಒತ್ತಡದಲ್ಲಿ ಕಿಡಿ ಹಾರದೆ ಮಿಸ್‌ಫೈರ್ ಆಗುತ್ತಿತ್ತು.

"ಕ್ಲಚ್ ಜಾರುತ್ತಿದೆ, ಇದಕ್ಕಿಂತ ಟಾರ್ಕ್ ಏರಿಸೋದಿಲ್ಲ" ಎಂದು ಮುಖಕ್ಕೇ ಹೇಳಿದಿರಲ್ಲ, ಅದಕ್ಕೆ ಎಲ್ಲಕ್ಕಿಂತ ದೊಡ್ಡ ಥ್ಯಾಂಕ್ಸ್. ಹೊಸ ಕ್ಲಚ್ ಹಾಕಿಸಿದ ಮೇಲೆ ಲಾಗ್ (ಓಡಿಸಿದಾಗಿನ ದಾಖಲೆ) ಕಳಿಸುತ್ತೇವೆ.