ಆನ್‌ಲೈನ್ ತರಗತಿಯಲ್ಲಿ ಮುಖವಲ್ಲ, ಕೈ ಕಾಣಲಿ

ಮಾನ್ಯ ಸಂಪಾದಕರೇ,

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಅನಿವಾರ್ಯವಾಗಿ ಬಂದ ಆನ್‌ಲೈನ್ ಪಾಠ, ಶಾಲೆಗಳು ತೆರೆದ ಮೇಲೂ ಹೋಂವರ್ಕ್, ಪುನರಾವರ್ತನೆ, ಕಿರುಪರೀಕ್ಷೆ ಎಂದು ಉಳಿದುಕೊಂಡಿದೆ. ಉಳಿಯಲಿ. ಆದರೆ ತರಗತಿಯ ವೇಳಾಪಟ್ಟಿಯನ್ನು ಹಾಗೇ ಎತ್ತಿ ಮೊಬೈಲಿಗೆ ಹಾಕಿದರೆ ನಡೆಯುವುದಿಲ್ಲ.

ಚಿಕ್ಕ ಮಕ್ಕಳು ಅಕ್ಷರ ತಿದ್ದುವಾಗ ಶಿಕ್ಷಕರು ನೋಡಬೇಕಾದ್ದು ಕೈಯನ್ನು: ಎಲ್ಲಿಂದ ಶುರು ಮಾಡಿತು, ಯಾವ ಕಡೆ ತಿರುಗಿಸಿತು, ಪೆನ್ಸಿಲ್ ಎಲ್ಲಿ ಎತ್ತಿತು. ಕ್ಯಾಮೆರಾ ತೋರಿಸುವುದು ಮುಖವನ್ನು. ಬರೆದು ಮುಗಿಸಿದ ಪುಟದ ಫೋಟೊದಲ್ಲಿ ‘ಅ’ ದುಂಡಗೇ ಕಾಣುತ್ತದೆ. ಬಾಲದಿಂದ ತಲೆಗೆ ಬರೆದದ್ದು ಗೊತ್ತೇ ಆಗುವುದಿಲ್ಲ. ಇದಕ್ಕೆ ಸ್ಟ್ಯಾಂಡ್ ಕೊಳ್ಳಬೇಕಿಲ್ಲ. ಒಂದಡಿ ಎತ್ತರಕ್ಕೆ ಪುಸ್ತಕ ಪೇರಿಸಿ, ಕ್ಯಾಮೆರಾ ಇರುವ ತುದಿ ಹೊರಚಾಚುವಂತೆ ಫೋನ್ ಮಲಗಿಸಿ, ಇನ್ನೊಂದು ತುದಿಯ ಮೇಲೆ ಭಾರಕ್ಕೊಂದು ಪುಸ್ತಕ ಇಡಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡದಿಂದ ಬರಲಿ, ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಹಿಂಬದಿಯ ಕ್ಯಾಮೆರಾವನ್ನೇ ಬಳಸಿ. ಮುಂದಿನ ಕ್ಯಾಮೆರಾದಲ್ಲಿ ತನ್ನ ಬರಹ ತನಗೇ ಕನ್ನಡಿಯಲ್ಲಿದ್ದಂತೆ ಉಲ್ಟಾ ಕಾಣುವುದುಂಟು. ಮಗು ಸರಿಯಾಗಿ ಬರೆದದ್ದನ್ನೂ ಅಳಿಸಿಬಿಡುತ್ತದೆ. ನಲವತ್ತು ಕೈಗಳನ್ನು ಒಟ್ಟಿಗೆ ನೋಡಲಾಗದು. ಐದೈದು ಮಕ್ಕಳಿಗೆ ಹದಿನೈದು ನಿಮಿಷ ಕೊಟ್ಟರೆ ಕೆಲಸ ಆಗುತ್ತದೆ.

ಪ್ರೌಢಶಾಲೆಯ ವಿಷಯ ಬೇರೆ. ಅಲ್ಲಿ ವಿವರಣೆಗೆ ಲೈವ್ ಬೇಕಾಗಿಯೇ ಇಲ್ಲ. ಸೆಕೆಂಡಿಗೆ 600 ಕಿಲೊಬಿಟ್‌ನ ವಿಡಿಯೊ ಗಂಟೆಗೆ 270 ಎಂಬಿ ನುಂಗಿದರೆ, 64 ಕಿಲೊಬಿಟ್‌ನ ಧ್ವನಿಗೆ 29 ಎಂಬಿ ಸಾಕು. ಹತ್ತು ನಿಮಿಷದ ಧ್ವನಿಮುದ್ರಣ, ಜೊತೆಗೆ ಬೋರ್ಡಿನ ನಾಲ್ಕು ಚಿತ್ರ ಹಿಂದಿನ ದಿನವೇ ಕಳಿಸಿದರೆ, ಲೈವ್ ಸಮಯವೆಲ್ಲ ತಪ್ಪು ತಿದ್ದಲು ಸಿಗುತ್ತದೆ. ‘ಅರ್ಥ ಆಯ್ತಾ?’ ಎಂದು ಕೇಳಿ ಪ್ರಯೋಜನವಿಲ್ಲ, ಮೈಕ್ ಮ್ಯೂಟ್ ಆಗಿದ್ದರೂ ಎಲ್ಲರೂ ತಲೆಯಾಡಿಸುತ್ತಾರೆ! ಲೆಕ್ಕದ ಎರಡನೇ ಹಂತಕ್ಕೇ ನಿಲ್ಲಿಸಿ ನೋಟ್‌ಬುಕ್ ಎತ್ತಿ ಹಿಡಿಯಲು ಹೇಳಿ.

ಬಹುಆಯ್ಕೆ ಪ್ರಶ್ನೆಗಳಲ್ಲಿ ಮನಸ್ಸಿಗೆ ಬಂದ ಸಂಖ್ಯೆಗಳನ್ನು ತುಂಬುವುದೂ ದಂಡವೇ. 8 − (5 − 2) ಎಷ್ಟು ಎಂದು ಕೇಳಿದರೆ ಆಯ್ಕೆಗಳಲ್ಲಿ 5ರ ಜೊತೆ 1 ಇರಲೇಬೇಕು. 1 ಒತ್ತಿದ ಮಗು ಆವರಣ ಬಿಡಿಸುವಾಗ ಚಿಹ್ನೆ ಬದಲಿಸಿಲ್ಲ ಎಂದು ತಕ್ಷಣ ತಿಳಿಯುತ್ತದೆ. 11 ಒತ್ತಿದರೆ ಮೊದಲ ಕಳೆಯುವ ಚಿಹ್ನೆಯನ್ನೇ ಕೂಡುವುದೆಂದು ಓದಿಕೊಂಡಿರಬಹುದು. ಮಾರನೆಯ ದಿನ ಯಾರಿಗೆ ಏನು ಹೇಳಿಕೊಡಬೇಕೆಂಬುದು ಆ ಉತ್ತರಗಳಲ್ಲೇ ಇರುತ್ತದೆ.

ಇಂತಿ,
ಒಬ್ಬ ಶಿಕ್ಷಕಿ