ಅಮಾನಿಕೆರೆಗೂ ಹಾಯಿದೋಣಿ ಬರಲಿ

ಮಾನ್ಯರೇ,

ಮೊನ್ನೆ ಮಲ್ಪೆಗೆ ಹೋಗಿದ್ದಾಗ ಮಗಳು ಜೆಟ್ ಸ್ಕೀ ಹತ್ತಿದಳು. ಜಾಕೆಟ್ ಹಾಕಿದರು, ಒಂದು ಸುತ್ತು ಹೊಡೆಸಿದರು, ಇಳಿಸಿದರು. ಖುಷಿಯೋ ಖುಷಿ. ತುಮಕೂರಿಗೆ ವಾಪಸ್ ಬಂದು ಅಮಾನಿಕೆರೆ ಏರಿ ಮೇಲೆ ನಡೆಯುವಾಗ, 'ಇಲ್ಲಿ ಹಾಯಿದೋಣಿ ಯಾಕಿಲ್ಲಪ್ಪಾ?' ಅಂದಳು.

ಮೋಟಾರು ದೋಣಿಗಾದರೆ ಕೀಲಿ ತಿರುಗಿಸಿದರೆ ಸಾಕು. ಹಾಯಿದೋಣಿಗೆ ಮೊದಲು ಗಾಳಿ ಅರ್ಥವಾಗಬೇಕು. ಎದುರುಗಾಳಿಗೆ ಅದು ನೇರ ಹೋಗುವುದೇ ಇಲ್ಲ, ಹಾವಿನ ಹಾಗೆ ಅಂಕುಡೊಂಕಾಗಿ ಹೋಗಬೇಕು. ತಿರುಗಿಸುವಾಗ ಹಾಯಿಯ ಕೆಳಗಿನ ಅಡ್ಡಮರ ಬೀಸಿ ಬರುತ್ತದೆ. ತಲೆ ಬಗ್ಗಿಸದಿದ್ದರೆ ಬುರುಡೆಗೆ ಏಟು! ಮಗುಚಿದ ದೋಣಿಯನ್ನು ನೆಟ್ಟಗೆ ಮಾಡುವುದೂ ಕಲಿಯಬೇಕು. ಹತ್ತು ನಿಮಿಷದ ಟಿಕೆಟ್‌ನಲ್ಲಿ ಇದೆಲ್ಲ ಆಗುತ್ತಾ?

ದುಬಾರಿ ಅನ್ನುವವರೂ ಇದ್ದಾರೆ. ಆದರೆ ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿ ಬರೀ 2.3 ಮೀಟರ್ ಉದ್ದ, ಪೆಟ್ರೋಲ್ ಖರ್ಚಂತೂ ಇಲ್ಲ. ಹೈದರಾಬಾದಿನಲ್ಲಿ ಊರ ನಡುವಿನ ಹುಸೇನ್ ಸಾಗರದಲ್ಲೇ ಮಕ್ಕಳು ಕಲಿಯುತ್ತಾರೆ. ನಮ್ಮ ಆಷಾಢದ ಗಾಳಿಗೇನು ಬರವಾ? ಕಲಿಸುವವರಿಲ್ಲ, ಅಷ್ಟೇ. ಎರಡೇ ದೋಣಿ, ಒಬ್ಬ ತರಬೇತುದಾರ ಇಟ್ಟು ನೋಡಬಾರದೇ? ಮೊದಲ ಹೆಸರು ನನ್ನ ಮಗಳದ್ದು ಬರೆದುಕೊಳ್ಳಿ.

– ಒಬ್ಬ ಓದುಗ, ತುಮಕೂರು