ಹಿಗಿನ್ಸ್ ಎಲ್ಲಿ ಹೋಯಿತು?

ಆಸ್ಟ್ರೇಲಿಯದ ಸಂಸತ್ ಚುನಾವಣೆಯ ದಿನ, 2025ರ ಮೇ 3ರಂದು, ಮೆಲ್ಬರ್ನಿನ ನಮ್ಮ ಬಡಾವಣೆ ಮರಂಬೀನಾದ ಮತಗಟ್ಟೆಯಲ್ಲಿ ಮತಪತ್ರ ಕೈಗೆ ಬಂದಾಗ ಒಂದು ಕ್ಷಣ ತಡವರಿಸಿದೆ. ಮೇಲೆ ‘ಹಾಥಮ್’ ಎಂದು ಅಚ್ಚಾಗಿತ್ತು. ಮನೆ ಬದಲಾಗಿರಲಿಲ್ಲ, ಬೀದಿಯೂ ಅದೇ. ನಮ್ಮ ‘ಹಿಗಿನ್ಸ್’ ಕ್ಷೇತ್ರ ಮಾತ್ರ ಇಲ್ಲವಾಗಿತ್ತು. ದೇಶದ ಜನಸಂಖ್ಯೆಯಲ್ಲಿ ನಮ್ಮ ವಿಕ್ಟೋರಿಯ ರಾಜ್ಯದ ಪಾಲು ಇಳಿದು, ಸಂಸತ್ತಿನ ಕೆಳಮನೆಯಲ್ಲಿ ಅದರ ಸ್ಥಾನಗಳು 39ರಿಂದ 38ಕ್ಕೆ ಬಂದವು. ಕತ್ತರಿ ಬಿದ್ದದ್ದು ನಮ್ಮ ಕ್ಷೇತ್ರಕ್ಕೆ. ಅದರ ಬಡಾವಣೆಗಳಲ್ಲಿ ಟೂರಾಕ್, ಮಾಲ್ವರ್ನ್ ಕೂಯಾಂಗ್ ಕ್ಷೇತ್ರಕ್ಕೆ ಸೇರಿದವು, ಆಶ್‌ಬರ್ಟನ್ ಚಿಜಮ್ ಕ್ಷೇತ್ರಕ್ಕೆ.

1949ರಲ್ಲಿ ಹುಟ್ಟಿದ ಹಿಗಿನ್ಸ್ ಕ್ಷೇತ್ರದ ಮೊದಲ ಸದಸ್ಯ ಹೆರಾಲ್ಡ್ ಹೋಲ್ಟ್. ಪ್ರಧಾನಿಯಾಗಿದ್ದಾಗಲೇ, 1967ರ ಡಿಸೆಂಬರ್ 17ರಂದು, ಶೆವಿಯಟ್ ಬೀಚಿನಲ್ಲಿ ಈಜಲು ಇಳಿದವರು ಮರಳಲಿಲ್ಲ. ದೇಹವೂ ಸಿಗಲಿಲ್ಲ. ಗ್ಲೆನ್ ಐರಿಸ್‌ನಲ್ಲಿ ಅವರ ಹೆಸರು ಹೊತ್ತು ನಿಂತಿರುವುದು ಒಂದು ಈಜುಕೊಳ! ನಮ್ಮ ಮಕ್ಕಳನ್ನು ಈಜು ಕಲಿಯಲು ಅಲ್ಲಿಗೇ ಕರೆದೊಯ್ಯುತ್ತಿದ್ದೆವು. ಹೆಸರಿನ ಹಿಂದಿನ ಕಥೆಯನ್ನು ಅವರಿಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ.

ಹೋಲ್ಟ್ ನಂತರ ಪ್ರಧಾನಿಯಾದ ಜಾನ್ ಗಾರ್ಟನ್ ಮೇಲ್ಮನೆಯಾದ ಸೆನೆಟ್‌ನ ಸದಸ್ಯರಾಗಿದ್ದವರು. ಕೆಳಮನೆಗೆ ಬರಲು 1968ರ ಫೆಬ್ರುವರಿ 1ರಂದು ಸೆನೆಟ್ ಬಿಟ್ಟರು. ಅವರು ಗೆದ್ದು ಬಂದ ಹಿಗಿನ್ಸ್ ಉಪಚುನಾವಣೆ ನಡೆದದ್ದು 24ಕ್ಕೆ. ಆ ಮೂರು ವಾರಗಳಷ್ಟು ಕಾಲ ಪ್ರಧಾನಿ ಯಾವ ಸದನದಲ್ಲೂ ಇರಲಿಲ್ಲ.

ಮುಂದೆ ಹಣಕಾಸು ಸಚಿವರಾದ ಪೀಟರ್ ಕಾಸ್ಟೆಲೊ ಕೂಡ ಇಲ್ಲಿಂದಲೇ ಬಂದವರು. 2022ರವರೆಗೆ ಪ್ರತಿ ಚುನಾವಣೆಯಲ್ಲೂ ಗೆದ್ದದ್ದು ಲಿಬರಲ್ ಪಕ್ಷ. ಆ ವರ್ಷ ಮೊದಲ ಬಾರಿಗೆ ಲೇಬರ್ ಪಕ್ಷದ ವೈದ್ಯೆ ಮಿಶೆಲ್ ಆನಂದ-ರಾಜಾ ಗೆದ್ದರು. ಮೂರೇ ವರ್ಷಕ್ಕೆ ಅವರ ಕ್ಷೇತ್ರವೇ ಅಳಿಸಿತು. ಈಗ ಅವರು ಸೆನೆಟ್‌ನಲ್ಲಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ಹೆಸರು. ಎಚ್. ಬಿ. ಹಿಗಿನ್ಸ್ ಒಬ್ಬ ನ್ಯಾಯಾಧೀಶರು. 1907ರ ಹಾರ್ವೆಸ್ಟರ್ ತೀರ್ಪಿನಲ್ಲಿ, ಕುಶಲತೆ ಇಲ್ಲದ ಕೂಲಿಗೂ ಹೆಂಡತಿ ಮಕ್ಕಳೊಡನೆ ಮಾನವಾಗಿ ಬದುಕಲು ದಿನಕ್ಕೆ 7 ಶಿಲಿಂಗ್ ಬೇಕೇ ಬೇಕು ಎಂದವರು. ಟೂರಾಕ್‌ನ ಬಂಗಲೆಗಳ ಕ್ಷೇತ್ರಕ್ಕೆ ಅಂಥವರ ಹೆಸರು! ಅದನ್ನು ಇಟ್ಟವರಿಗೆ ತಮಾಷೆಯ ಪ್ರಜ್ಞೆ ಇದ್ದಿರಬೇಕು.

ನಮ್ಮ ಕಡೆ ಕನಕಪುರ ಲೋಕಸಭಾ ಕ್ಷೇತ್ರವೂ 2008ರ ಮರುವಿಂಗಡಣೆಯಲ್ಲಿ ಹೋಯಿತು. ಆದರೆ ಕನಕಪುರಕ್ಕೆ ಬಸ್ ಇದೆ, ಇಳಿದು ಕಾಫಿ ಕುಡಿಯಬಹುದು. ಹಿಗಿನ್ಸ್ ಎಂಬ ಊರು ಮೆಲ್ಬರ್ನಿನಲ್ಲಿ ಎಲ್ಲಿದೆ? ನಮ್ಮ ಮನೆಯ ಫ್ರಿಜ್ ಮೇಲೆ ಸಂಸದರ ಕಚೇರಿಯಿಂದ ಬಂದ ಹಳೆಯ ಕ್ಯಾಲೆಂಡರ್ ಒಂದು ಅಂಟಿಕೊಂಡಿದೆ, ಅದರಲ್ಲಿ ಇದೆ.